ಮೇಲೆ ಉದುರಿಸಿದ ತೌಡು

ಫೆಬ್ರವರಿ 3, ಸೋಮವಾರ

ಅಪ್ಪಾ,

ಫೋನಿನಲ್ಲಿ ಹೇಳಿದರೆ ನಿನ್ನ ಎಡಗಿವಿ ಅರ್ಧ ನುಂಗುತ್ತದೆ, ಉಳಿದರ್ಧವನ್ನು ಬಲಗಿವಿ ತನಗೆ ಬೇಕಾದ ಹಾಗೆ ಕೇಳಿಸಿಕೊಳ್ಳುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಗಾಬರಿಯಾಗಬೇಡ. ನನಗೆ ಐದು ತಿಂಗಳು ತುಂಬಿತು, ಮಗು ಚೆನ್ನಾಗಿದೆ. ಆದರೆ ಮೊನ್ನೆಯ ರಕ್ತಪರೀಕ್ಷೆಯಲ್ಲಿ ಸಕ್ಕರೆ ಜಾಸ್ತಿ ಬಂದಿದೆ. ಅಮ್ಮನಿಗೆ ಇತ್ತಲ್ಲ, ಆ ಕಾರಣಕ್ಕೆ ನನಗೆ ಬೇಗನೆ ಪರೀಕ್ಷೆ ಮಾಡಿದರು. ಹೆರಿಗೆಯಾದ ಮೇಲೆ ಸಾಮಾನ್ಯವಾಗಿ ಹೋಗುತ್ತದಂತೆ. ಅಲ್ಲಿಯವರೆಗೆ ಹತೋಟಿಯಲ್ಲಿ ಇಡದಿದ್ದರೆ ಮಗು ಅಳತೆ ಮೀರಿ ಬೆಳೆಯುತ್ತದೆ, ಹೆರಿಗೆ ಕಷ್ಟವಾಗುತ್ತದೆ.

ಆಸ್ಪತ್ರೆಯಲ್ಲಿ ಊಟದ ವಿಷಯ ನೋಡಿಕೊಳ್ಳುವ ಸಿಸ್ಟರ್ ಒಬ್ಬರಿದ್ದಾರೆ. ಕನ್ನಡಕ ಸದಾ ಮೂಗಿನ ತುದಿಯಲ್ಲಿ. ನಮ್ಮ ಕನ್ನಡಕದ ಅಂಗಡಿಗೆ ಬಂದರೆ ಐದು ನಿಮಿಷದಲ್ಲಿ ಕಡ್ಡಿ ಬಗ್ಗಿಸಿ ಸರಿಮಾಡಿಕೊಟ್ಟೇನು ಎಂದು ನಾನು ಕೂತಷ್ಟು ಹೊತ್ತೂ ಅಂದುಕೊಳ್ಳುತ್ತಿದ್ದೆ. ಪಿಷ್ಟದ ಪದಾರ್ಥಗಳನ್ನೆಲ್ಲ ಬಿಟ್ಟುಬಿಡಲೇ ಎಂದು ಕೇಳಿದೆ. "ಬಿಡಬಾರದಮ್ಮ, ಅದು ಮಗುಗೂ ಬೇಕು. ಯಾವುದು ಅಂತ ನೋಡಿ ಆರಿಸ್ಕೋ, ಎಷ್ಟು ಅಂತ ಅಳೆದು ತಿನ್ನು, ಅಷ್ಟೆ" ಅಂದರು. ಮೈದಾದ್ದು ಬೇಡ. ಹೊಟ್ಟು ತೆಗೆಯದ ಧಾನ್ಯ, ಬೇಳೆ, ಕಾಳು ಆಗಬಹುದು. ಆಲೂಗಡ್ಡೆಯನ್ನು ಸಿಪ್ಪೆ ಸಮೇತ ಬೇಯಿಸಿ ಒಂದು ಸಣ್ಣದು. ಬಿಳಿ ಬ್ರೆಡ್ಡಿನ ಬದಲು ಇಡೀ ಗೋಧಿಯ ಬ್ರೆಡ್ಡು.

ನಾನು ನಕ್ಕುಬಿಟ್ಟೆ. "ಸಿಸ್ಟರ್, ನಾನು ಬೆಳೆದಿದ್ದೇ ಬೇಕರಿಯಲ್ಲಿ. ನಮ್ಮಪ್ಪನ ಬ್ರೌನ್ ಬ್ರೆಡ್ಡಿಗೆ ಡಾಕ್ಟರುಗಳೇ ಗಿರಾಕಿಗಳು" ಅಂದೆ. ಚಿಕ್ಕವಳಿದ್ದಾಗ ನಾನೇ ಸ್ಟೂಲಿನ ಮೇಲೆ ನಿಂತು ಒಂದೊಂದು ಬ್ರೆಡ್ಡಿನ ಮೇಲೂ ಗೋಧಿ ತೌಡು ಉದುರಿಸುತ್ತಿದ್ದದ್ದನ್ನೂ ಹೇಳಿದೆ. ಬೆಳಗಿನ ಹೊತ್ತು ಬೇರೆ ಏನನ್ನು ಮೂಸಿದರೂ ವಾಂತಿ ಬರುತ್ತದೆ. ಬ್ರೆಡ್ಡೊಂದೇ ಸೇರುವುದು. ಗುರುವಾರದ ಬಸ್ಸಿನಲ್ಲಿ ತಗಡಿನ ಪೆಟ್ಟಿಗೆ ಕಳಿಸುತ್ತೀಯಾ? ವಾರಕ್ಕೆ ಎರಡು ಸಾಕು. ಖಾಲಿ ಪೆಟ್ಟಿಗೆಯನ್ನು ಸೋಮವಾರ ವಾಪಸು ಹಾಕುತ್ತೇನೆ.

ನಿನ್ನ
ಬನ್ನು


ಫೆಬ್ರವರಿ 6, ಗುರುವಾರ

ಬನ್ನು,

ಕಾಗದ ಬಂತು. ಎರಡು ಬ್ರೆಡ್ಡು ಇಟ್ಟಿದ್ದೇನೆ. ಡ್ರೈವರ್ ಪರಿಚಯದವನು, ಸೀಟಿನ ಕೆಳಗೆ ಇಟ್ಟುಕೊಂಡು ತರುತ್ತಾನೆ. ಪೆಟ್ಟಿಗೆಯ ಕೊಂಡಿ ಸಡಿಲವಾಗಿದೆ. ಅಳಿಯಂದಿರು ಬೀಗ ರಿಪೇರಿಯವರು, ಅವರಿಗೆ ಅದು ಎಡಗೈ ಕೆಲಸ.

ಬ್ರೆಡ್ಡೇ ಹೆಚ್ಚು ತಿನ್ನಬೇಡ. ಓಟ್ಸನ್ನೂ ಒಮ್ಮೆ ಪ್ರಯತ್ನಿಸಿ ನೋಡು. ನಿಮ್ಮಮ್ಮ ಜವೆಗೋಧಿ ಬೇಯಿಸಿಕೊಂಡು ತಿನ್ನುತ್ತಿದ್ದಳು, ನೆನಪಿದೆಯಲ್ಲ.

ಓವನ್ನಿನ ಬಾಗಿಲು ಹೋದ ವಾರದಿಂದ ಸರಿಯಾಗಿ ಮುಚ್ಚುತ್ತಿಲ್ಲ. ಇಟ್ಟಿಗೆ ಒರಗಿಸಿಟ್ಟು ಕೆಲಸ ನಡೆಸಿದ್ದೇನೆ. ಬೇರೆ ವಿಶೇಷವಿಲ್ಲ.

ಅಪ್ಪ


ಫೆಬ್ರವರಿ 17, ಸೋಮವಾರ

ಅಪ್ಪಾ,

ಬೆರಳು ಚುಚ್ಚಿ ನೋಡುವ ಮಿಷನ್ನು ಕೊಟ್ಟಿದ್ದಾರೆ. ಏನು ತಿಂದೆ, ಎಷ್ಟು ತಿಂದೆ, ಒಂದು ಗಂಟೆಯ ಮೇಲೆ ಸಕ್ಕರೆ ಎಷ್ಟು ಎಂದು ಗೆರೆ ಎಳೆದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೇನೆ. ನೂರ ನಲವತ್ತರ ಕೆಳಗಿರಬೇಕು. ಮಧ್ಯಾಹ್ನ ಕಾಳು ಬೇಯಿಸಿ ತಿಂದಾಗ ನೂರ ಇಪ್ಪತ್ತೆಂಟು. ರಾತ್ರಿ ನೂರ ಮೂವತ್ತು. ಬೆಳಿಗ್ಗೆ ಮಾತ್ರ ನೂರ ಎಪ್ಪತ್ತೆಂಟು, ನೂರ ಎಂಬತ್ತಮೂರು, ನೂರ ಎಪ್ಪತ್ತೊಂದು.

ಸಿಸ್ಟರ್ ಪುಟ ತಿರುವಿ ನೋಡಿ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಬೆಳಗ್ಗೆ ಬ್ರೆಡ್ ಜೊತೆ ಏನಮ್ಮ?" "ಮೊಟ್ಟೆ, ಸಿಸ್ಟರ್." "ಜಾಮು?" "ಇಲ್ಲ." "ಕಾಫಿಗೆ ಸಕ್ಕರೆ?" "ಇಲ್ಲ." "ಬ್ರೆಡ್ ಎಂಥದ್ದು?" "ಅಪ್ಪ ಮಾಡಿದ್ದು, ಸಿಸ್ಟರ್. ಹೇಳಿದ್ನಲ್ಲ." ಅವರು ಪುಸ್ತಕ ಮುಚ್ಚಿದರು. ಮುಂದಿನ ಪ್ರಶ್ನೆ ಅವರ ಬಾಯಲ್ಲಿ ಇತ್ತು, ಕೇಳಲಿಲ್ಲ.

ನಾಲ್ಕು ತುಂಡು ತಿನ್ನುತ್ತಿದ್ದೆ. ಒಳ್ಳೆಯದೇ ತಾನೇ ಎಂದು. ಈಗ ಮೂರಕ್ಕೆ ಇಳಿಸಿದ್ದೇನೆ. ನನ್ನಲ್ಲೇ ಏನೋ ಐಬು ಇರಬೇಕು.

ಬನ್ನು


ಫೆಬ್ರವರಿ 20, ಗುರುವಾರ

ಬನ್ನು,

ನಿನ್ನಲ್ಲಿ ಯಾವ ಐಬೂ ಇಲ್ಲ. ಹಾಗೆಲ್ಲ ಬರೆಯಬೇಡ.

ಈ ಸಲದ ಹಿಟ್ಟಿನ ಮೂಟೆ ಸ್ವಲ್ಪ ಬೇರೆ ಥರ ಇದ್ದಂತಿದೆ. ಮಿಲ್ಲಿನವರನ್ನು ಕೇಳುತ್ತೇನೆ. ಸ್ವಲ್ಪ ದಿನ ಬ್ರೆಡ್ಡು ಬಿಟ್ಟು ಓಟ್ಸೋ ಕಾಳೋ ತಿಂದರೆ ಹೇಗೆ? ಆದರೂ ನೀನು ಕೇಳಿದ್ದೀಯ ಎಂದು ಎರಡು ಇಟ್ಟಿದ್ದೇನೆ.

ಓವನ್ನಿನ ಬಾಗಿಲು ಸರಿಯಾಯಿತು.

ಅಪ್ಪ


ಮಾರ್ಚ್ 3, ಸೋಮವಾರ

ಅಪ್ಪಾ,

ಬ್ರೆಡ್ಡು ಬಿಡು ಎಂದು ನೀನೂ ಬರೆದಾಗ ಒಂಥರಾ ಆಯಿತು. ನಾನು ತಿಂದದ್ದು ಜಾಸ್ತಿಯಾಯಿತು ಅಂತ ನಿನಗೂ ಅನ್ನಿಸಿದೆಯಲ್ಲ. ನೀನು ಹೇಳಿದ ಓಟ್ಸನ್ನು ಎರಡು ದಿನ ಬೇಯಿಸಿದೆ, ಎರಡು ದಿನವೂ ವಾಂತಿ ಮಾಡಿಕೊಂಡೆ. ಮತ್ತೆ ಬ್ರೆಡ್ಡಿಗೇ ಬಂದೆ. ಎರಡೇ ತುಂಡು. ಆದರೂ ನೂರ ಅರವತ್ತೈದು.

ನನ್ನ ಮೇಲೆ ನನಗೇ ಅನುಮಾನ ಬಂದಿದೆ. ನಿದ್ದೆಗಣ್ಣಲ್ಲಿ ಎದ್ದು ಏನಾದರೂ ತಿನ್ನುತ್ತೇನೋ? "ಸಕ್ಕರೆ ಡಬ್ಬಿ ಇರೋ ಕಪಾಟಿಗೆ ಒಂದು ಬೀಗ ಹಾಕಿಬಿಡಿ ನೋಡೋಣ" ಎಂದು ಇವರಿಗೆ ಹೇಳಿದೆ. ಅರ್ಧ ತಮಾಷೆಗೆ ಅಂದದ್ದು. "ಮನೆಯಲ್ಲೇ ಗಿರಾಕಿ ಸಿಕ್ಕರು, ಬೋಣಿ ಆಯ್ತು" ಅಂತ ನಗುತ್ತಲೇ ಎದ್ದರು. ಹತ್ತು ನಿಮಿಷದಲ್ಲಿ ಹಿತ್ತಾಳೆಯ ಸಣ್ಣ ಬೀಗ ಹಾಕಿ ಕೀಲಿಯನ್ನು ಜೇಬಿಗೆ ಇಳಿಸಿಕೊಂಡರು. ಅಷ್ಟು ಬೇಗ ಹಾಕಿಬಿಡುತ್ತಾರೆ ಎಂದುಕೊಂಡಿರಲಿಲ್ಲ. ಅವರು ಏನೂ ಅನ್ನುವುದಿಲ್ಲ. ಅದೇ ಕಷ್ಟ.

ಇನ್ನೊಂದು ವಿಷಯ ಇವರಿಗೂ ಹೇಳಿಲ್ಲ. ಶುಕ್ರವಾರ ಸಿಸ್ಟರ್ ಕೇಳಿಯೇಬಿಟ್ಟರು. "ನೋಡಮ್ಮ, ನಾನು ಬೈಯಲ್ಲ. ಬಸುರಿ, ಆಸೆ ಆಗತ್ತೆ. ಸಿಹಿ ತಿಂತಿದೀಯ ಅಲ್ವಾ?" ಇಲ್ಲ ಇಲ್ಲ ಎಂದು ಮೂರು ವಾರ ಹೇಳಿ ಸುಸ್ತಾಗಿದ್ದೆ. ಹೂಂ ಅಂದುಬಿಟ್ಟೆ. ಅವರ ಮುಖ ಎಷ್ಟು ಹಗುರವಾಯಿತು ಗೊತ್ತಾ! ನನ್ನ ಕೈ ತಟ್ಟಿ, ಫೈಲಿನಲ್ಲಿ ಬರೆದರು. ತಲೆಕೆಳಗಾಗಿ ಬರೆದದ್ದನ್ನು ಓದುವುದು ನನಗೆ ಅಭ್ಯಾಸ: "ಸಿಹಿ ತಿನ್ನುತ್ತಿರುವುದಾಗಿ ಒಪ್ಪಿಕೊಂಡಿದ್ದಾರೆ."

ಈಗ ಪ್ರಾಯಶ್ಚಿತ್ತಕ್ಕೆ ಮಧ್ಯಾಹ್ನದ ಊಟ ಅರ್ಧ ಮಾಡಿದ್ದೇನೆ. ಮೊದಲೇ ಎರಡು ವಾರದಿಂದ ನನ್ನ ತೂಕ ಏರಿಲ್ಲ. ಹೀಗೇ ಆದರೆ ಇನ್ಸುಲಿನ್ ಅನ್ನುತ್ತಿದ್ದಾರೆ. ರಾತ್ರಿ ಹಸಿವಾದಾಗ ಮಗುವಿಗೆ ಹೇಳುತ್ತೇನೆ, ಸ್ವಲ್ಪ ತಡ್ಕೋ, ಬೆಳಿಗ್ಗೆ ತಾತನ ಬ್ರೆಡ್ಡು ಇದೆ ಅಂತ.

ಬನ್ನು


ಮಾರ್ಚ್ 6, ಗುರುವಾರ

ಬನ್ನು,

ಮೊದಲು ಮಧ್ಯಾಹ್ನದ ಊಟ ಪೂರ್ತಿ ಮಾಡು. ಹಸಿದಿರಬೇಡ. ಇದೊಂದು ಮಾತು ಕೇಳು.

ಈ ಸಲದ ಬ್ರೆಡ್ಡು ಬೇರೆ. ಚಿಕ್ಕದು, ಗಟ್ಟಿ, ಮೇಲೆ ಬಿರುಕು ಬಿಟ್ಟಿದೆ. ಕೆಟ್ಟಿಲ್ಲ, ಅದು ಇರುವುದೇ ಹಾಗೆ. ಇದನ್ನೇ ತಿನ್ನು. ಹಳೆಯದು ಉಳಿದಿದ್ದರೆ ಎಸೆದುಬಿಡು. ಕಾರಣ ಆಮೇಲೆ ಬರೆಯುತ್ತೇನೆ.

ಅಪ್ಪ


ಮಾರ್ಚ್ 17, ಸೋಮವಾರ

ಅಪ್ಪನಿಗೆ,

ಹಳೆಯದನ್ನು ಎಸೆಯಲಿಲ್ಲ. ಫ್ರಿಜ್ಜಿನಲ್ಲಿ ಅರ್ಧ ಉಳಿದಿತ್ತು. ನಮ್ಮ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವಾಗ ಒಂದು ಗಾಜು ಇಟ್ಟು, ಅದನ್ನು ತೆಗೆದು ಇನ್ನೊಂದು ಇಟ್ಟು, ಮೊದಲನೆಯದಾ, ಎರಡನೆಯದಾ ಎಂದು ಕೇಳುತ್ತೇವೆ. ಹಾಗೇ ಮಾಡಿದೆ. ಎರಡು ತುಂಡು, ಒಂದು ಮೊಟ್ಟೆ, ಹೊತ್ತು ಅದೇ.

ಶನಿವಾರ, ಹಳೆಯದು: 166.
ಭಾನುವಾರ, ಹೊಸದು: 138.
ಸೋಮವಾರ, ಹಳೆಯದು: 169.
ಮಂಗಳವಾರ, ಹೊಸದು: 134.

ಆಮೇಲೆ ಎರಡು ಗಾಜಿನ ಲೋಟದಲ್ಲಿ ನೀರು ತುಂಬಿ ಒಂದೊಂದು ಚೂರು ಹಾಕಿದೆ. ಹೊಸದರ ನೀರು ಮಸುಕಾಯಿತು. ಹಳೆಯದರ ನೀರು ಚಹಾದ ಬಣ್ಣಕ್ಕೆ ತಿರುಗಿತು. ನೀರಲ್ಲಿ ನೆಂದ ಚೂರು ಬೆಳ್ಳಗೆ ಉಳಿಯಿತು.

ಬೇಕರಿಯ ಅಟ್ಟದ ಮೇಲೆ ಕಪ್ಪು ಬಾಟಲಿ ಒಂದಿತ್ತು. ಔಷಧಿ, ಮುಟ್ಟಬೇಡ ಎನ್ನುತ್ತಿದ್ದಿರಿ. ಅದರಲ್ಲಿ ಏನಿತ್ತು ಎಂದು ತಿಳಿಸಿ.

ನಿಮ್ಮ ಮಗಳು


ಮಾರ್ಚ್ 20, ಗುರುವಾರ

ಬನ್ನು,

ಸುಟ್ಟ ಸಕ್ಕರೆ. ಕಬ್ಬಿಣದ ಬಾಣಲೆಯಲ್ಲಿ ಸಕ್ಕರೆಯನ್ನು ಕಪ್ಪಾಗುವವರೆಗೆ ಕಾಯಿಸಿ, ನೀರು ಬೆರೆಸಿ, ಬಾಟಲಿಗೆ ಹಾಕಿಡುತ್ತಿದ್ದೆ. ಒಂದು ಸಲ ಕಲಸಿದ ಹಿಟ್ಟಿಗೆ ನಾಲ್ಕು ಚಮಚ. ಮೆತ್ತಗಾಗಲಿ ಎಂದು ಬೆಲ್ಲದ ಪಾಕ ಬೇರೆ. ಉಳಿದದ್ದೆಲ್ಲ ಮೈದಾ. ಬಿಳಿ ಬ್ರೆಡ್ಡಿಗೂ ಅದಕ್ಕೂ ಇದ್ದ ವ್ಯತ್ಯಾಸ ಬಾಟಲಿ, ಪಾಕ, ಮೇಲಿನ ತೌಡು, ಇಷ್ಟೇ.

ಇಪ್ಪತ್ತೆರಡು ವರ್ಷದ ಹಿಂದೆ ಮೊದಲು ನಿಜವಾದದ್ದನ್ನೇ ಮಾಡಿದೆ. ಇಡೀ ಗೋಧಿಯ ಹಿಟ್ಟು ನೀರು ಜಾಸ್ತಿ ಕುಡಿಯುತ್ತದೆ, ಉಬ್ಬುವುದು ಕಡಿಮೆ. ಅದನ್ನು ಪಳಗಿಸುವ ತಾಳ್ಮೆ ನನಗೆ ಇರಲಿಲ್ಲ. ಜನ ಒತ್ತಿ ನೋಡಿ, ಕಲ್ಲು ಅಂತ ವಾಪಸು ಇಟ್ಟರು. ಹಿಟ್ಟು ಮಾರಲು ಬಂದವನೊಬ್ಬ ಈ ಉಪಾಯ ಹೇಳಿಕೊಟ್ಟ. ಮಾಡಿದ ದಿನವೇ ಖಾಲಿಯಾಯಿತು. ಎಲ್ಲರೂ ಹೀಗೇ ಮಾಡುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಬೋರ್ಡಿನಲ್ಲಿ ಬ್ರೌನ್ ಬ್ರೆಡ್ ಎಂದಷ್ಟೇ ಇದೆ, ಇಡೀ ಗೋಧಿ ಎಂದು ಬರೆಸಿಲ್ಲವಲ್ಲ ಎಂದೂ ಹೇಳಿಕೊಂಡೆ. ನಿಮ್ಮಮ್ಮ ಒಂದೇ ಸಲ ಅಂದಳು: "ತಿನ್ನೋರಿಗೆ ಹೇಳಿಬಿಡ್ರಿ." ನಾನು ಹೇಳಲಿಲ್ಲ. ಅವಳು ಮತ್ತೆ ಕೇಳಲಿಲ್ಲ. ಕಾಯಿಲೆ ಬಂದ ಮೇಲೆ ಒಂದು ದಿನವೂ ಆ ಬ್ರೆಡ್ಡು ಮುಟ್ಟಲಿಲ್ಲ. ನಮ್ಮ ಬ್ರೆಡ್ಡನ್ನು ಯಾಕೆ ತಿನ್ನೋದಿಲ್ಲ ಎಂದು ನೀನು ಕೇಳಿದ್ದೆ. "ದಿನವಿಡೀ ನೋಡಿ ನೋಡಿ ಹೊಟ್ಟೆ ತುಂಬಿರತ್ತೆ" ಅಂದಳು. ನಾನು ಅಲ್ಲೇ ನಿಂತು ತಟ್ಟೆ ಒರೆಸುತ್ತಿದ್ದೆ.

ಇಪ್ಪತ್ತೆರಡು ವರ್ಷಕ್ಕೆ ಇಷ್ಟಾದರೂ ವಿವರಣೆ ಕೊಟ್ಟೆ. ಫೆಬ್ರವರಿಯ ಆ ಪೆಟ್ಟಿಗೆಗಳಿಗೆ ನನ್ನ ಹತ್ತಿರ ಏನೂ ಇಲ್ಲ. ಮೊದಲ ಕಾಗದದಲ್ಲಿ ನೀನು ಸಿಸ್ಟರಿಗೆ ಹೇಳಿದ್ದನ್ನು ಓದಿ ನಾಚಿಕೆಯಾಯಿತು. ನಾಲ್ಕು ದಿನ ತಿಂದು ಬೇಸರವಾಗಿ ಬಿಟ್ಟುಬಿಡುತ್ತಾಳೆ ಎಂದುಕೊಂಡು ಕಳಿಸಿದೆ. ಆದರೆ ನೂರ ಎಂಬತ್ತಮೂರು ಎಂದು ನೀನು ಬರೆದ ಮೇಲೂ ಎರಡು ಸಲ ಅದನ್ನೇ ಪೆಟ್ಟಿಗೆಗೆ ಹಾಕಿ ಕಟ್ಟಿದೆ. ಒಳಗೆ ನಿಜವಾದದ್ದನ್ನು ಮಾಡಿ ನೋಡುತ್ತಿದ್ದೆ, ಒಂದೂ ಸರಿಯಾಗಿ ಬರುತ್ತಿರಲಿಲ್ಲ. ಸರಿಯಾದದ್ದು ಬಂದ ಮೇಲೆ ಸದ್ದಿಲ್ಲದೆ ಬದಲಾಯಿಸಿಬಿಟ್ಟರೆ ನಿನಗೆ ಹೇಳುವ ಪ್ರಮೇಯವೇ ಬರುವುದಿಲ್ಲ ಎಂಬ ಆಸೆ. ಮಿಲ್ಲಿನ ಮೇಲೆ ಹಾಕಿದ್ದೂ ಸುಳ್ಳು. ಮಿಲ್ಲಿನವರನ್ನು ನಾನು ಏನೂ ಕೇಳಿಲ್ಲ.

ನೀನು ಸಿಹಿ ತಿಂದೆ ಎಂದು ಒಪ್ಪಿಕೊಂಡ ದಿನ ನಿನ್ನ ಹೊಟ್ಟೆಯಲ್ಲಿ ಇದ್ದದ್ದು ನನ್ನ ಸಕ್ಕರೆ.

"ನಿಮ್ಮ ಮಗಳು" ಎಂದು ಬರೆದಿದ್ದೀಯ. ಸರಿಯಾಗಿದೆ.

ಅಪ್ಪ


ಏಪ್ರಿಲ್ 3, ಗುರುವಾರ

ಬನ್ನು,

ಎರಡು ಸೋಮವಾರ ಪೆಟ್ಟಿಗೆ ಕಾಗದವಿಲ್ಲದೆ ಬಂತು. ಒಳಗೆ ಹಾಸಿದ್ದ ಪೇಪರನ್ನೂ ತೆಗೆದು ನೋಡಿದೆ. ಚೂರುಗಳು ಇದ್ದವು. ತಿನ್ನುತ್ತಿದ್ದೀಯ ಎಂದು ಅಷ್ಟಕ್ಕೇ ಸಮಾಧಾನ.

ಬೋರ್ಡು ಇಳಿಸಿದೆ. ಬಾಟಲಿ ಒಡೆಯಲು ಹೋದೆ, ಒಡೆಯುವುದು ನಾಟಕವಾದೀತು ಅನ್ನಿಸಿ ತೊಳೆದಿಟ್ಟೆ. ಆ ಬ್ರೆಡ್ಡು ಕೊಳ್ಳುತ್ತಿದ್ದ ಒಬ್ಬೊಬ್ಬರಿಗೂ ಬಾಯಿಬಿಟ್ಟು ಹೇಳುತ್ತಿದ್ದೇನೆ. ಎಲ್ಲಕ್ಕಿಂತ ಕಷ್ಟವಾದದ್ದು ರಿಟೈರ್ಡ್ ಮೇಷ್ಟ್ರಿಗೆ ಹೇಳುವುದು. ಅವರಿಗೂ ಸಕ್ಕರೆ ಕಾಯಿಲೆ, ಗೊತ್ತಲ್ಲ. "ಎಷ್ಟು ವರ್ಷದಿಂದ ತಗೊಳ್ತಿದೀನಯ್ಯಾ ನಾನು?" ಅಂದರು. "ಇಪ್ಪತ್ತು, ಮೇಷ್ಟ್ರೇ." "ಇಪ್ಪತ್ತು ವರ್ಷ ಮನೆಯವಳ ಮುಂದೆ ಮೀಸೆ ತಿರುವಿದೆನಲ್ಲೋ, ನಾನು ನಾಲಿಗೆ ಕಟ್ಟಿದವನು ಅಂತ!" ಆಮೇಲೆ ಮೂರು ದಿನ ಬರಲಿಲ್ಲ. ನಾಲ್ಕನೆಯ ದಿನ ಬಂದು ಹೊಸದನ್ನು ಬೆರಳಲ್ಲಿ ಒತ್ತಿ, "ಇದಕ್ಕೆ ಹಲ್ಲೂ ನೀನೇ ಕೊಡ್ತೀಯೋ?" ಅಂದರು. ಒಂದು ತೆಗೆದುಕೊಂಡರು. ಯಾವಾಗಲೂ ಬೆಂಚಿನ ಮೇಲೆ ಕೂತು ಪೇಪರ್ ಓದಿ ಹೋಗುತ್ತಿದ್ದರು. ಕೂರಲಿಲ್ಲ.

ನಾನೇನು ಮಾಡಬೇಕು ಹೇಳು. ಮಾಡುತ್ತೇನೆ.

ಅಪ್ಪ


ಏಪ್ರಿಲ್ 14, ಸೋಮವಾರ

ಅಪ್ಪನಿಗೆ,

ಬರೆಯಲಿಲ್ಲ, ಯಾಕೆಂದರೆ ಬರೆದದ್ದೆಲ್ಲ ಬೈಗುಳವಾಗುತ್ತಿತ್ತು. ಆರು ಹಾಳೆ ಹರಿದೆ.

ಸಕ್ಕರೆಯ ವಿಷಯವನ್ನು ಹೇಗೋ ನುಂಗಿಕೊಂಡೇನು. ಈಗ ಹೊಸ ಬ್ರೆಡ್ಡಿನ ಎರಡೇ ತುಂಡು, ಮೂರನೆಯದಕ್ಕೆ ದವಡೆಯೇ ಒಪ್ಪುವುದಿಲ್ಲ. ಬೆಳಗಿನ ಲೆಕ್ಕ ನೂರ ಮೂವತ್ತರ ಆಸುಪಾಸು ನಿಂತಿದೆ. ಊಟ ಪೂರ್ತಿ ಮಾಡುತ್ತಿದ್ದೇನೆ, ತೂಕ ಏರುತ್ತಿದೆ. ಮಗು ಒದೆಯುತ್ತದೆ.

ನುಂಗಲಾಗದ್ದು ಬೇರೆ. ಸ್ಟೂಲಿನ ಮೇಲೆ ನಿಂತು ತೌಡು ಉದುರಿಸಿದವಳು ನಾನು. ಏಳು ವರ್ಷದ ಹುಡುಗಿ, ಒಂದು ಬ್ರೆಡ್ಡನ್ನೂ ಬಿಡದೆ, ಮೂಲೆ ಮೂಲೆಗೂ ಸಮನಾಗಿ. "ನಮ್ಮ ಬನ್ನು ಕೈ ತಾಗಿದ್ರೇನೇ ಬ್ರೆಡ್ಡಿಗೆ ಕಳೆ" ಎಂದು ನೀವು ಗಿರಾಕಿಗಳ ಮುಂದೆ ಹೇಳುತ್ತಿದ್ದಿರಿ. ಮೇಷ್ಟ್ರು ನನ್ನ ತಲೆ ಸವರುತ್ತಿದ್ದರು. ಆ ಸುಳ್ಳಿನ ಮೇಲ್ಭಾಗ ನನ್ನ ಕೈಯದು. ಈಗ ನನ್ನ ಹೊಟ್ಟೆಗೇ ಬಂತು.

ಇನ್ನೊಂದು, ಆ ಫೈಲು. ಹೆರಿಗೆಗೆ ನಾನು ಹೋಗಿ ಮಲಗುವ ಹೊತ್ತಿಗೆ ಯಾವ ಡಾಕ್ಟರು ಬಂದರೂ ಮೊದಲು ಓದುವುದು ಅದನ್ನೇ. ಅದರಲ್ಲಿ ನಾನು ಮಗುವಿನ ಮೇಲೂ ನಿಗಾ ಇಲ್ಲದೆ ಕದ್ದು ತಿಂದವಳು. ಹೂಂ ಅಂದ ತಪ್ಪು ನನ್ನದೇ. ಈಗ ನಾನೇ ಹೋಗಿ ಅಲ್ಲ ಅಂದರೆ, ಒಮ್ಮೆ ಸುಳ್ಳು ಹೇಳಿದವಳ ಎರಡನೆಯ ಮಾತನ್ನು ಯಾರು ನಂಬುತ್ತಾರೆ? ಇವರಿಗೆ ಎಲ್ಲ ಹೇಳಿದೆ. "ಮಾವ ಹಾಗೆ ಮಾಡ್ತಾರಾ?" ಅಂದರು. ನನ್ನನ್ನು ನಂಬದೆ ಬೀಗ ಹಾಕಲು ಹತ್ತು ನಿಮಿಷ ಸಾಕಾಯಿತು. ನಿಮ್ಮನ್ನು ನಂಬದಿರಲು ಅವರಿಗೆ ಒಂದು ವಾರ ಬೇಕಂತೆ. ಬೀಗ ಇನ್ನೂ ಅಲ್ಲೇ ಇದೆ.

ಏನು ಮಾಡಬೇಕು ಎಂದು ಕೇಳಿದ್ದೀರಿ. ಸಿಸ್ಟರಿಗೆ ಬರೆಯಿರಿ.

ನಿಮ್ಮ ಮಗಳು


ಏಪ್ರಿಲ್ 17, ಗುರುವಾರ

ಊಟದ ವಿಭಾಗದ ಸಿಸ್ಟರ್ ಅವರಿಗೆ,

ನಮಸ್ಕಾರ. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ, ಈಗ ಏಳು ತಿಂಗಳು ತುಂಬಿರುವ, ಬೆಳಗಿನ ಸಕ್ಕರೆ ಜಾಸ್ತಿ ಬರುತ್ತಿದ್ದ ಹೆಣ್ಣುಮಗಳ ತಂದೆ ನಾನು.

ಅವಳು ತಿನ್ನುತ್ತಿದ್ದ ಬ್ರೆಡ್ಡನ್ನು ಮಾಡಿದವನು ನಾನೇ. ಅದು ಇಡೀ ಗೋಧಿಯದ್ದಲ್ಲ. ಮೈದಾಕ್ಕೆ ಸುಟ್ಟ ಸಕ್ಕರೆಯ ಬಣ್ಣ ಕೊಟ್ಟು, ಬೆಲ್ಲದ ಪಾಕ ಬೆರೆಸಿದ್ದು. ಇದು ನನಗೆ ಗೊತ್ತಿತ್ತು. ಅವಳಿಗೆ ಗೊತ್ತಿರಲಿಲ್ಲ. ಅವಳ ಲೆಕ್ಕ ಏರಿದ್ದು ತಿಳಿದ ಮೇಲೂ ಎರಡು ಸಲ ಅದನ್ನೇ ಕಳಿಸಿದೆ.

ಅವಳು ಸಿಹಿ ಕದ್ದು ತಿಂದಿಲ್ಲ. ನೀವು ಕೇಳಿ ಕೇಳಿ, ಅವಳು ಇಲ್ಲ ಎಂದು ಹೇಳಿ ಹೇಳಿ, ಕೊನೆಗೆ ಸಾಕಾಗಿ ಒಪ್ಪಿಕೊಂಡಿದ್ದಾಳೆ. ಚಿಕ್ಕವಳಿದ್ದಾಗಲೂ ಹೀಗೇ. ಮಾಡದ ತಪ್ಪನ್ನು ಒಪ್ಪಿಕೊಂಡು ಬೇಗ ಮಲಗುತ್ತಿದ್ದಳು.

ಅವಳ ಫೈಲಿನಲ್ಲಿ ಆ ಸಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ ನಾನು ಮಾಡಿದ್ದನ್ನು ಬರೆಯಬೇಕೆಂದು ಕೋರುತ್ತೇನೆ. ಬರಬೇಕೆಂದರೆ ಬಂದು ನಿಮ್ಮೆದುರು ಸಹಿ ಹಾಕುತ್ತೇನೆ. ಹಳೆಯ ಬ್ರೆಡ್ಡಿನಲ್ಲಿ ಏನೇನು ಎಷ್ಟೆಷ್ಟು ಇತ್ತು ಎಂಬುದನ್ನು ಹಿಂದಿನ ಪುಟದಲ್ಲಿ ಬರೆದಿದ್ದೇನೆ.

ಇಂತು,
ಅವಳ ತಂದೆ, ಬೇಕರಿಯವನು


ಏಪ್ರಿಲ್ 28, ಸೋಮವಾರ

ಅಪ್ಪನಿಗೆ,

ಸಿಸ್ಟರ್ ನಿಮ್ಮ ಕಾಗದವನ್ನು ನನ್ನೆದುರೇ ಓದಿದರು. ಕನ್ನಡಕ ಈ ಸಲ ಕಣ್ಣಿನ ಮೇಲೇ ಇತ್ತು. ಹಿಂದಿನ ಪುಟವನ್ನೂ ಓದಿದರು. ಆಮೇಲೆ ಸ್ಕೇಲು ಇಟ್ಟು ಆ ಸಾಲಿನ ಮೇಲೆ ನೇರವಾಗಿ ಗೆರೆ ಎಳೆದರು, ಪಕ್ಕದಲ್ಲಿ ಬರೆದರು, ತಾರೀಖು ಹಾಕಿದರು. "ಬ್ರೆಡ್ ತಂದು ತೋರ್ಸು ಅಂತ ನಾನೂ ಒಂದು ಮಾತು ಕೇಳಬೇಕಿತ್ತಮ್ಮ. ನಿಮ್ಮಪ್ಪ ಅಂದ್ಯಲ್ಲ, ಕೇಳಲಿಲ್ಲ" ಅಂದರು. ಹೊರಡುವಾಗ ಅವರ ಕನ್ನಡಕ ಇಸಿದುಕೊಂಡು ಕಡ್ಡಿ ಬಗ್ಗಿಸಿಕೊಟ್ಟೆ.

ಬರಿ ಹೊಟ್ಟೆಯ ಸಕ್ಕರೆ ಮಾತ್ರ ಇನ್ನೂ ನೂರಕ್ಕಿಂತ ಕೆಳಗೆ ಇಳಿದಿಲ್ಲ. ರಾತ್ರಿ ಸಣ್ಣ ಪ್ರಮಾಣದಲ್ಲಿ ಇನ್ಸುಲಿನ್ ಶುರುವಾಗಿದೆ. ಇದು ಬ್ರೆಡ್ಡಿನಿಂದ ಅಲ್ಲ, ಬಸುರಿಯ ಮೈಯೇ ಕೆಲವರಲ್ಲಿ ಹಾಗೆ ಮಾಡುತ್ತದೆ, ಶಿಕ್ಷೆ ಅಂದುಕೊಳ್ಳಬೇಡ ಎಂದು ಸಿಸ್ಟರ್ ಎರಡು ಸಲ ಹೇಳಿದರು. ನಿಮಗೂ ತಿಳಿಸು ಅಂದರು. ತಿಳಿಸಿದ್ದೇನೆ.

ಇವರು ನಿನ್ನೆ ಬೀಗ ಬಿಚ್ಚಿದರು. ಹಾಕಲು ಹತ್ತು ನಿಮಿಷ ಸಾಕಾಗಿತ್ತು, ಬಿಚ್ಚಲು ಅರ್ಧ ಗಂಟೆ ಹಿಡಿಯಿತು. ಸ್ಕ್ರೂ ತಿರುಗಿಸುತ್ತಾ ಕಪಾಟಿಗೇ ಮುಖ ಮಾಡಿಕೊಂಡು, "ನಾನು ಕೇಳಬೇಕಿತ್ತು" ಅಂದರು. ಎಲ್ಲರೂ ಈಗ ಅದನ್ನೇ ಹೇಳುತ್ತಿದ್ದಾರೆ. ಬಾಗಿಲಲ್ಲಿ ಎರಡು ತೂತು ಉಳಿದಿವೆ.

ಕ್ಷಮಿಸಿದ್ದೇನೆ ಎಂದು ಬರೆಯಲು ಕೂತೆ. ಬರೆದು ನೋಡಿದರೆ ಪೂರ್ತಿ ನಿಜ ಅನ್ನಿಸಲಿಲ್ಲ. ಈ ಮನೆಗೆ ಇನ್ನು ಸುಳ್ಳು ಬೇಡ ಎಂದು ಹೊಡೆದುಹಾಕಿದ್ದೇನೆ. ಮುಂದೆ ಎಂದಾದರೂ ಬರೆದೇನು.

ಹೆರಿಗೆಯವರೆಗೆ ಬ್ರೆಡ್ಡು ಬೇಕು. ಪ್ರತಿ ಪೆಟ್ಟಿಗೆಯಲ್ಲೂ ಅದರೊಳಗೆ ಏನೇನಿದೆ ಎಂದು ತೂಕ ಸಮೇತ ಬರೆದಿಡು. ಬೇರೆ ಏನೂ ಬರೆಯದಿದ್ದರೂ ಪರವಾಗಿಲ್ಲ. ನಿನ್ನ ಕೈಬರಹದಲ್ಲೇ ಇರಲಿ, ಅಪ್ಪಾ.

ಬನ್ನು


ಮೇ 1, ಗುರುವಾರ

ಬನ್ನು,

ಹೊಟ್ಟು ತೆಗೆಯದ ಗೋಧಿ ಹಿಟ್ಟು: 400 ಗ್ರಾಂ
ಗೋಧಿ ನುಚ್ಚು, ಹಿಂದಿನ ದಿನ ನೆನೆಸಿದ್ದು: 100 ಗ್ರಾಂ
ಕುಂಬಳ ಬೀಜ: 30 ಗ್ರಾಂ
ನೀರು: 390 ಗ್ರಾಂ
ಉಪ್ಪು: 8 ಗ್ರಾಂ
ಯೀಸ್ಟ್: 4 ಗ್ರಾಂ
ಸಕ್ಕರೆ: ಇಲ್ಲ
ಬೆಲ್ಲ: ಇಲ್ಲ
ಬಣ್ಣ: ಹಿಟ್ಟಿನದೇ
ಮೇಲೆ: ಏನೂ ಉದುರಿಸಿಲ್ಲ

ಅಪ್ಪ